ಅಡ್ಡೆಯ ಮೇಲೆ ಬಂದವನು

ಈ ಸಲ ಬೇಲೂರಿನ ತೇರಿಗೆ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಹಾಸನದಿಂದ ದೂರವೇನಿಲ್ಲ. ಆದರೆ ಅಮ್ಮನ ಮಂಡಿಗೆ ಮೆಟ್ಟಿಲು ಆಗುವುದಿಲ್ಲ, ಅದರ ಮೇಲೆ ಚೈತ್ರದ ಬಿಸಿಲಿಗೆ ಗುಡಿಯ ಅಂಗಳದ ಕಲ್ಲು ಕಾದು ಕೆಂಡ. "ನಾನು ಬೀದೀಲೇ ಕೂತಿರ್ತೀನಿ, ಅವನೇ ಬರ್ತಾನಲ್ಲ" ಅಂದಳು.

ಹೌದಲ್ವಾ! ಒಳಗಿರುವ ಚೆನ್ನಕೇಶವ ಕಲ್ಲಿನವನು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದಲ್ಲೇ ನಿಂತಿದ್ದಾನೆ. ಬೀದಿಗೆ ಬರುವವನು ಲೋಹದ ಉತ್ಸವಮೂರ್ತಿ.

ಒಮ್ಮೆ ಚೆನ್ನೈನ ಎಗ್ಮೋರ್ ಮ್ಯೂಸಿಯಂನಲ್ಲಿ ಚೋಳರ ಕಾಲದ ಕಂಚಿನ ಮೂರ್ತಿಗಳನ್ನು ನೋಡಿದ್ದೆ. ಹೂವಿಲ್ಲ, ರೇಷ್ಮೆಯಿಲ್ಲ, ಬರೀ ಮೈ. ಕೆಲವು ಪೀಠಗಳಲ್ಲಿ ತೂತು, ಬಳೆ ಇದ್ದವು. ಆಮೇಲೆ ಯಾರೋ ಸುಮ್ನೆ ಕೊರೆದಿದ್ದಾರೆ ಅಂದುಕೊಂಡಿದ್ದೆ. ಅವು ಹೊರುವ ಕೋಲು ತೂರಿಸಲು, ಹಗ್ಗ ಬಿಗಿಯಲು. ಅಂದರೆ ಮೇಣದಲ್ಲಿ ಮೂರ್ತಿ ಮಾಡುವಾಗಲೇ ಶಿಲ್ಪಿಗೆ ಹೊರುವವರ ಹೆಗಲಿನ ಯೋಚನೆಯೂ ಇತ್ತು.

ಮೇಣದ ಆ ಮೂರ್ತಿಗೆ ಬೆರಳು, ಉಗುರು, ಒಡವೆ ಎಲ್ಲ ತಿದ್ದಿ, ಮೇಲೆ ಮಣ್ಣು ಮೆತ್ತಿ, ಒಣಗಿಸಿ ಕಾಯಿಸುತ್ತಾರೆ. ಮೇಣ ಕರಗಿ ಹರಿದುಹೋಗುತ್ತದೆ, ಖಾಲಿಯಾದ ಜಾಗಕ್ಕೆ ಕಾದ ಲೋಹ ಹೊಯ್ಯುತ್ತಾರೆ. ಆರಿದ ಮೇಲೆ ಮಣ್ಣನ್ನು ಒಡೆಯಲೇಬೇಕು. ಹಾಗಾಗಿ ಒಂದು ಅಚ್ಚಿಗೆ ಒಂದೇ ಮೂರ್ತಿ. ಮ್ಯೂಸಿಯಂನಲ್ಲಿ ಹಿಂದಕ್ಕೆ ಹೋಗಿಯೂ ನೋಡಿದ್ದೆ, ಬೆನ್ನ ಮೇಲೆ ಇಳಿಬಿದ್ದ ಗುಂಗುರು ಕೂದಲನ್ನೂ ಮುಖದಷ್ಟೇ ಜೋಪಾನವಾಗಿ ಮಾಡಿದ್ದರು.

ಕೈಗಳದ್ದು ಇನ್ನೊಂದು ಚೆಂದ. ವಿಷ್ಣುವಿಗೆ ಶಂಖ, ಚಕ್ರ, ಗದೆ, ಪದ್ಮ. ನಾಲ್ಕು ಕೈಯಲ್ಲಿ ಇವನ್ನೇ ಅದಲುಬದಲು ಮಾಡುತ್ತಾ ಹೋದರೆ ಒಟ್ಟು 24 ಬಗೆ. ಅಜ್ಜ ಆಚಮನ ಮಾಡುವಾಗ ಕೇಶವ, ನಾರಾಯಣ, ಮಾಧವ ಅಂತ ಹೇಳುತ್ತಿದ್ದ 24 ಹೆಸರೂ ಇವೇ. ಯಾವ ಕೈಯಲ್ಲಿ ಏನಿದೆ ಅನ್ನುವುದರ ಮೇಲೆ ಕೇಶವನೋ ಮಾಧವನೋ ಅಂತ ಗೊತ್ತಾಗುತ್ತದೆ. ಚಿಕ್ಕವನಿದ್ದಾಗ ಅದು ಬರೀ ಬಾಯಿಪಾಠ ಅಂದುಕೊಂಡಿದ್ದೆ.

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು ಕೈ ನೋಡಬೇಕು ಅಂತ ಕಾದಿದ್ದರೆ, ದೇವರನ್ನು ಹೆಗಲ ಮೇಲೆ ಹೊರುವ ಅಡ್ಡೆಯ ಮೇಲೆ ತಂದಾಗ ಕಂಡಿದ್ದು ಮುಖ ಮಾತ್ರ. ಕತ್ತಿನಿಂದ ಕೆಳಗೆ ಪೂರ್ತಿ ರೇಷ್ಮೆ, ಮಲ್ಲಿಗೆ, ತುಳಸಿ. ನನಗೆ ಸ್ವಲ್ಪ ಬೇಜಾರೇ ಆಯಿತು. ಅಷ್ಟು ಕಷ್ಟಪಟ್ಟು ಮಾಡಿದ ಮೈಯನ್ನು ಹೀಗೆ ಮುಚ್ಚಿಬಿಟ್ಟರೆ ಹೇಗೆ ಅಂದೆ.

ಅಮ್ಮ ನನ್ನ ಕಡೆ ತಿರುಗಲೂ ಇಲ್ಲ. "ಮಗೂನ ಬಟ್ಟೆ ಹಾಕದೆ ಬೀದಿಗೆ ಕರ್ಕೊಂಡು ಬರ್ತಾರೇನೋ?" ಅಂದಳು.

ಉತ್ತರ ಹೊಳೆಯಲಿಲ್ಲ. ಹಾಗಾದರೆ ಆ ಬೆನ್ನು, ಆ ಕೂದಲು ಯಾರಿಗಾಗಿ? ತಿರುಮಂಜನದ, ಅಂದರೆ ಅಭಿಷೇಕದ ದಿನ ಅರ್ಚಕರ ಅಂಗೈಗೆ ಸಿಗುತ್ತದೆ, ಅಷ್ಟೇ.

ಅಡ್ಡೆ ನಮ್ಮನ್ನು ದಾಟಿತು. ಪಕ್ಕದವರೆಲ್ಲ ಕೈ ಇಳಿಸಿ ತೇರಿನ ಕಡೆ ಓಡಿದರು. ಅಮ್ಮ ಮಾತ್ರ ತೇರಿಗೆ ಎಸೆಯಲು ತಂದಿದ್ದ ಬಾಳೆಹಣ್ಣು, ದವನ ಮಡಿಲಲ್ಲಿಟ್ಟುಕೊಂಡು, ಅವನ ಬೆನ್ನ ಮೇಲಿನ ಮಾಲೆಯ ಗಂಟು ತಿರುವಿನಲ್ಲಿ ಮರೆಯಾಗುವವರೆಗೂ ಕೈ ಮುಗಿದೇ ಕೂತಿದ್ದಳು.