ಹಳೇ ಗೋವಾಕ್ಕೆ ಹೋದರೆ ನದಿ ಕಡೆಯಿಂದ ಒಳಗೆ ಹೋಗಿ

ಪೋರ್ಚುಗೀಸರ ಕಾಲದ ರಾಜಧಾನಿ ಹಳೇ ಗೋವಾ ನೋಡುವವರು ಸಾಮಾನ್ಯವಾಗಿ ಹತ್ತು ಗಂಟೆ ಹೊತ್ತಿಗೆ ಚರ್ಚ್ ಮುಂದೆ ಇಳಿಯುತ್ತಾರೆ. ಒಂದು ತಾಸು ಸುತ್ತಾಡಿ, ಫೋಟೋ ತೆಗೆದು, ಊಟಕ್ಕೆ ಪಣಜಿಗೆ ವಾಪಸ್. ನಾನೂ ಎರಡು ಸಲ ಹಾಗೇ ನೋಡಿ ಬಂದಿದ್ದೆ. ಈ ಸಲ ದೀಪಾವಳಿ ಕಳೆದ ಮೇಲೆ ನನ್ನ ಶಾಲೆಯ ಗೆಳೆಯನ ಜೊತೆ ಹೋದೆ. ಅವನು ಯಲ್ಲಾಪುರದ ಸಿದ್ದಿ ಮನೆತನದವನು. ಈ ಊರನ್ನು ಹೇಗೆ ನೋಡಬೇಕು ಅನ್ನೋದು ಅವನ ಜೊತೆ ನಡೆದಾಗಲೇ ನನಗೆ ತಿಳಿದದ್ದು. ಹೋಗುವ ಯೋಚನೆ ಇರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ರೈಲಿನಲ್ಲಿ ಬರುವವರಿಗೆ ಕೊಂಕಣ ರೈಲ್ವೆಯ ಕರ್ಮಳಿ ಸ್ಟೇಷನ್ ಹತ್ತಿರ. ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲ, ಟಿಕೆಟ್ ಮಾಡಿಸುವಾಗಲೇ ನೋಡಿಕೊಳ್ಳಿ. ಪಣಜಿಯಿಂದ ಸುಮಾರು ಹತ್ತು ಕಿಲೋಮೀಟರ್, ಬಸ್ಸು ಬೇಕಾದಷ್ಟಿವೆ. ನಾವು ಕಾರಿನಲ್ಲಿ ಅಂಕೋಲಾ, ಕಾರವಾರ ದಾರಿಯಾಗಿ ಹೋದೆವು. ರಾತ್ರಿ ಪಣಜಿಯಲ್ಲಿ ಉಳಿದು, ಬೆಳಿಗ್ಗೆ ಏಳಕ್ಕೆಲ್ಲ ಹಳೇ ಗೋವಾದಲ್ಲಿದ್ದೆವು. ಏಳು ಗಂಟೆ ಅನ್ನೋದನ್ನು ಮರೀಬೇಡಿ, ಕಾರಣ ಮುಂದೆ ಹೇಳುತ್ತೇನೆ.

ಮೊದಲು ಚರ್ಚಿಗೆ ಹೋಗಬೇಡಿ. ಸೀದಾ ಕೆಳಗೆ ಮಾಂಡವಿ ದಂಡೆಗೆ ಇಳಿಯಿರಿ, ದಿವಾಡಿ ದ್ವೀಪಕ್ಕೆ ಫೆರಿ ಹೋಗುವ ಜಾಗಕ್ಕೆ. ನದಿಗೆ ಬೆನ್ನು ಹಾಕಿ ನಿಂತರೆ ಎದುರಿಗೆ ಕೆಂಪು ಕಲ್ಲಿನ ಕಮಾನು. ಅದು ವೈಸ್‌ರಾಯ್ ಕಮಾನು. ರಾಜನ ಪರವಾಗಿ ಆಳಲು ಪೋರ್ಚುಗಲ್‌ನಿಂದ ಬಂದ ಹೊಸ ವೈಸ್‌ರಾಯ್ ಹಡಗಿನಿಂದ ಇಳಿದು ಇದರಡಿಯಿಂದಲೇ ಊರಿನೊಳಗೆ ಹೋಗುತ್ತಿದ್ದ. ಮೇಲೆ ನದಿಯತ್ತ ಮುಖ ಮಾಡಿ ವಾಸ್ಕೊ ಡ ಗಾಮಾ ನಿಂತಿದ್ದಾನೆ. ಕಟ್ಟಿಸಿದ್ದು ಅವನ ಮರಿಮಗ. ಕಮಾನು ದಾಟಿ ಹಿಂತಿರುಗಿ ನೋಡಿ. ಆ ಬದಿಯಲ್ಲಿ ಒಬ್ಬ ಹೆಂಗಸಿನ ಮೂರ್ತಿ, ಅವಳ ಕಾಲಡಿ ಒಬ್ಬ ಗಂಡಸು. ಇಲ್ಲಿ ಯಾರು ಗೆದ್ದರು, ಯಾರು ಸೋತರು ಅಂತ ಊರಿನ ಬಾಗಿಲಿಗೇ ಕಲ್ಲಲ್ಲಿ ಕೆತ್ತಿ ಇಟ್ಟಿದ್ದಾರೆ.

ಇಷ್ಟಕ್ಕೆಲ್ಲ ಮೂಲ ನಮ್ಮ ಕಾಳುಮೆಣಸು. ಮಲಬಾರ್ ಮತ್ತು ನಮ್ಮ ಕರಾವಳಿಯ ಮೆಣಸು ಅರಬ್ ವ್ಯಾಪಾರಿಗಳ ಕೈಯಿಂದ ಕೆಂಪು ಸಮುದ್ರ, ಕೈರೋ ದಾಟಿ ವೆನಿಸ್‌ಗೆ ಹೋಗುತ್ತಿತ್ತು. ಒಂದೊಂದು ಕೈ ದಾಟಿದಾಗಲೂ ರೇಟು ಏರುತ್ತಿತ್ತು. ಯುರೋಪಿನ ಮೂಲೆಯಲ್ಲಿದ್ದ ಸಣ್ಣ ದೇಶ ಪೋರ್ಚುಗಲ್, ನಡುವಿನವರನ್ನೆಲ್ಲ ಬಿಟ್ಟು ಸಮುದ್ರದಲ್ಲೇ ದಾರಿ ಹುಡುಕಿತು. 1498ರಲ್ಲಿ ಗಾಮಾ ಕಲ್ಲಿಕೋಟೆಗೆ ಬಂದ. ವಾಪಸ್ ಹೋಗುವಾಗ ಹಡಗು ರಿಪೇರಿಗೆ ನಿಂತದ್ದು ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ. ಅದೀಗ ನೌಕಾನೆಲೆಯ ಒಳಗಿದೆ, ನೋಡಲು ಬಿಡುವುದಿಲ್ಲ.

ಬರೀ ವ್ಯಾಪಾರ ಮಾಡಿಕೊಂಡು ಹೋಗಿದ್ದರೆ ಈ ಊರು ಹೀಗಿರುತ್ತಿರಲಿಲ್ಲ. ಅವರ ಹಡಗುಗಳಲ್ಲಿ ಫಿರಂಗಿ ಇತ್ತು. ತಾವು ಕೊಟ್ಟ ಪಾಸ್ ಇಲ್ಲದ ಹಡಗನ್ನು ಹಿಡಿದು ಮಾಲು ಕಿತ್ತುಕೊಳ್ಳುತ್ತಿದ್ದರು. ಪಾಸ್ ಬೇಕೆಂದರೆ ಅವರ ಬಂದರಿಗೆ ಬಂದು ಸುಂಕ ಕಟ್ಟಬೇಕು. ಅಷ್ಟರವರೆಗೆ ಯಾರಪ್ಪನ ಸ್ವತ್ತೂ ಅಲ್ಲದ ಸಮುದ್ರಕ್ಕೆ ಹಾಗೆ ಒಡೆಯರು ಹುಟ್ಟಿಕೊಂಡರು. ಆಗ ಗೋವಾ ಬಿಜಾಪುರದ ಆದಿಲ್ ಶಾಹಿಗಳ ಕೈಯಲ್ಲಿತ್ತು. ವಿಜಯನಗರಕ್ಕೂ ಬಿಜಾಪುರಕ್ಕೂ ಬೇಕಾದ ಅರಬ್ಬಿ ಕುದುರೆಗಳು ಈ ದಂಡೆಯಲ್ಲೇ ಇಳಿಯುತ್ತಿದ್ದವು. ಇದನ್ನು ಹಿಡಿದವರಿಗೆ ಕುದುರೆಯ ಲಗಾಮೂ ಸಿಕ್ಕ ಹಾಗೆ. ಪೋರ್ಚುಗೀಸರ ಮುಖಂಡ ಆಲ್ಬುಕರ್ಕ್‌ಗೆ ಗೋವಾ ಮೇಲೆ ಹೋಗು ಅಂತ ಹೇಳಿ, ಜೊತೆಗೆ ಬಂದವನು ಹೊನ್ನಾವರದ ತಿಮ್ಮಯ್ಯ. ನಮ್ಮ ಕಡೆಯವನೇ. ಆದಿಲ್ ಶಾಹಿಗಳ ಮೇಲಿನ ಹಗೆಗೆ ಇವರ ಕೈ ಹಿಡಿದ. 1510ರಲ್ಲಿ ಒಮ್ಮೆ ಗೆದ್ದು, ಕಳೆದುಕೊಂಡು, ಅದೇ ವರ್ಷ ನವೆಂಬರ್ 25ರಂದು ಆಲ್ಬುಕರ್ಕ್ ಮತ್ತೆ ಗೆದ್ದ. ಊರಿನ ಮುಸ್ಲಿಮರನ್ನು ಕೊಲ್ಲಿಸಿದ. ತನ್ನ ರಾಜನಿಗೆ ಬರೆದ ಪತ್ರದಲ್ಲಿ ಅವನೇ ಅದನ್ನು ಹೇಳಿಕೊಂಡಿದ್ದಾನೆ.

ಕಮಾನಿನಿಂದ ಸ್ವಲ್ಪ ಮೇಲೆ, ಸೇಂಟ್ ಕೆಜೆಟನ್ ಚರ್ಚ್ ಹತ್ತಿರ, ಒಂದು ಒಂಟಿ ಬಾಗಿಲು ನಿಂತಿದೆ. ಕಪ್ಪು ಕಲ್ಲಿನ ಕಂಬ, ಮೇಲೊಂದು ಅಡ್ಡಪಟ್ಟಿ, ನಾಲ್ಕಾರು ಮೆಟ್ಟಿಲು. ಸುತ್ತ ಗೋಡೆಯಿಲ್ಲ, ಹಿಂದೆ ಮನೆಯಿಲ್ಲ. ಆದಿಲ್ ಶಾಹಿ ಅರಮನೆಯಲ್ಲಿ ಉಳಿದಿರುವುದು ಇಷ್ಟೇ. ಪೋರ್ಚುಗೀಸ್ ವೈಸ್‌ರಾಯ್‌ಗಳೂ ಆಮೇಲೆ ಅದೇ ಅರಮನೆಯಲ್ಲಿ ಇದ್ದರು. ಬಹಳ ಜನ ಇದನ್ನು ನೋಡದೇ ದಾಟಿ ಹೋಗುತ್ತಾರೆ. ನೀವು ನಿಂತು ನೋಡಿ. ಕೆತ್ತನೆ ನಮ್ಮ ಹಳೇ ದೇವಸ್ಥಾನಗಳ ಬಾಗಿಲ ಕೆಲಸದ ತರಾನೇ ಇದೆ.

ಈಗ ಏಳು ಗಂಟೆಯ ವಿಷಯ. ಕಮಾನಿನಿಂದ ಊರಿನೊಳಗೆ ಹೋಗುವ ಈ ದಾರಿಗೆ ಆಗ ರುವಾ ದಿರೈತಾ ಅಂತ ಹೆಸರು, ನೆಟ್ಟಗಿನ ಬೀದಿ ಅಂತ ಅರ್ಥ. 1583ರಲ್ಲಿ ಗೋವಾಕ್ಕೆ ಬಂದ ಲಿನ್ಸ್‌ಖೋಟೆನ್ ಎಂಬ ಡಚ್ಚರವನು ಆರ್ಚ್‌ಬಿಷಪ್ ಹತ್ತಿರ ಬರವಣಿಗೆ ಕೆಲಸಕ್ಕಿದ್ದ. ಈ ಬೀದಿಯಲ್ಲಿ ದಿನಾ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಹರಾಜು ನಡೆಯುತ್ತಿತ್ತು ಅಂತ ಅವನು ಬರೆದಿದ್ದಾನೆ. ಬಿಸಿಲು ಏರುವ ಮೊದಲೇ ಮುಗಿಸಬೇಕಲ್ವಾ, ಅದಕ್ಕೆ. ಬಟ್ಟೆ, ಕುದುರೆ, ಮನುಷ್ಯರು, ಎಲ್ಲ ಮಾರಾಟಕ್ಕೆ. ಆ ಹರಾಜಿಗೆ ಪೋರ್ಚುಗೀಸರು ಹೇಳುತ್ತಿದ್ದ ಹೆಸರು 'ಲೆಯ್ಲಾಂವ್'. ಉತ್ತರ ಕರ್ನಾಟಕದ ಪೇಟೆಗಳಲ್ಲಿ ಇಂದಿಗೂ ನಾವು 'ಲಿಲಾವು' ಅಂತೀವಲ್ಲ, ಅದೇ ಪದ. ಮೊಜಾಂಬಿಕ್ ಕಡೆಯಿಂದ ಹಡಗಿನಲ್ಲಿ ತಂದ ಆಫ್ರಿಕಾದ ಗಂಡಸರು, ಹೆಂಗಸರು, ಮಕ್ಕಳನ್ನು ಇಲ್ಲೇ ಲಿಲಾವು ಕೂಗಿದರು. ತಪ್ಪಿಸಿಕೊಂಡವರು ಘಟ್ಟ ಹತ್ತಿ ನಮ್ಮ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಬಹಳಷ್ಟು ಸಿದ್ದಿಗಳ ಹಿರಿಯರು ಹಾಗೆ ಬಂದವರು.

ನನ್ನ ಗೆಳೆಯ ಆ ರಸ್ತೆಯಲ್ಲಿ ಚಪ್ಪಲಿ ಬಿಚ್ಚಿ ನಿಂತ. ಯಾಕೆ ಅಂತ ನಾನು ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನೇ ಹೇಳಿದ, "ನೆಲ ಇನ್ನೂ ತಣ್ಣಗಿದೆ ಮಾರಾಯಾ." ನಾವು ಆ ದಾರಿಯ ಎರಡೂ ಬದಿ ಹುಡುಕಿದೆವು. ಲಿಲಾವಿನ ಬಗ್ಗೆ ಒಂದು ಫಲಕವೂ ನಮ್ಮ ಕಣ್ಣಿಗೆ ಬೀಳಲಿಲ್ಲ.

ಚರ್ಚ್‌ಗಳನ್ನು ಇದಾದ ಮೇಲೆ ನೋಡಿ. ಸೆ ಕ್ಯಾಥೆಡ್ರಲ್ 1562ರಲ್ಲಿ ಶುರುವಾದದ್ದು. ಅದಕ್ಕಿದ್ದ ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಬಿದ್ದುಹೋಯಿತು. ಹತ್ತಿರದ ಬಯಲಿನಲ್ಲೇ ಇನ್‌ಕ್ವಿಜಿಷನ್ ಕಚೇರಿ ಇತ್ತು. ಧರ್ಮ ತಪ್ಪಿದರು ಅಂತ ಜನರನ್ನು ಹಿಡಿದು ವಿಚಾರಣೆ ಮಾಡುವ ಆ ಕೆಲಸ 1560ರಲ್ಲಿ ಶುರುವಾಗಿ, ನಡುವೆ ಕೆಲವು ವರ್ಷ ಬಿಟ್ಟರೆ, 1812ರವರೆಗೆ ನಡೆಯಿತು. ಬೊಂ ಜೀಸಸ್ ಬಸಿಲಿಕಾದಲ್ಲಿ ಕ್ರೈಸ್ತ ಸಂತ ಫ್ರಾನ್ಸಿಸ್ ಝೇವಿಯರ್ ದೇಹ ಇದೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿಕೊಳ್ಳಿ. ಭಾನುವಾರ ಬೆಳಿಗ್ಗೆ ಪೂಜೆ ಇರುತ್ತದೆ. ಡಿಸೆಂಬರ್ 3ಕ್ಕೆ ಹಬ್ಬ, ಅದರ ಹಿಂದಿನ ಒಂಬತ್ತು ದಿನವೂ ಜಾಸ್ತಿ ಜನ. ಕ್ಯಾಥೆಡ್ರಲ್ ಪಕ್ಕದ ಮ್ಯೂಸಿಯಮ್‌ಗೆ ಶುಕ್ರವಾರ ರಜೆ.

ಸುಸ್ತಾಗಿದ್ದರೂ ಸೇಂಟ್ ಆಗಸ್ಟಿನ್ ಗೋಪುರದ ಗುಡ್ಡ ಹತ್ತಿ. 46 ಮೀಟರ್ ಎತ್ತರದ ಚಿರೇಕಲ್ಲಿನ ಗೋಪುರ, ಅರ್ಧ ಕುಸಿದು ಅರ್ಧ ನಿಂತಿದೆ. ಮಳೆಗಾಲದಲ್ಲಿ ಕಲ್ಲಿಗೆಲ್ಲ ಪಾಚಿ, ಜಾರುತ್ತದೆ. ಇಷ್ಟು ದೊಡ್ಡ ಊರು ಹೇಗೆ ಹಾಳಾಯಿತು ಅಂತ ಅಲ್ಲಿ ಕೂತು ಮಾತಾಡಿದೆವು. ಒಂದು ಕಾರಣ ಸಾಲು ಸಾಲಾಗಿ ಬಂದ ರೋಗ. ಕೊನೆಗೆ ಆಡಳಿತವೇ ಪಣಜಿಗೆ ಹೋಯಿತು. ಇನ್ನೊಂದು ಕಾರಣ ಅದೇ ಲಿನ್ಸ್‌ಖೋಟೆನ್. ಪೋರ್ಚುಗೀಸರು ಮುಚ್ಚಿಟ್ಟಿದ್ದ ಸಮುದ್ರದ ದಾರಿಗಳ ವಿವರವನ್ನು ಅವನು ತನ್ನ ದೇಶಕ್ಕೆ ಹೋಗಿ 1596ರ ಹೊತ್ತಿಗೆ ಅಚ್ಚು ಹಾಕಿಸಿದ. 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿತು. ಮುಂದೆ ಅವರ ಹಡಗುಗಳು ಇದೇ ಮಾಂಡವಿಯ ಬಾಯಿಗೆ ಬಂದು ನಿಂತು ಗೋವಾದ ವ್ಯಾಪಾರದ ಕತ್ತು ಹಿಸುಕಿದವು. ಆದರೂ ಪೋರ್ಚುಗೀಸರು ಇಲ್ಲಿಂದ ಹೋದದ್ದು 1961ರ ಡಿಸೆಂಬರ್‌ನಲ್ಲಿ, ನಮ್ಮ ಸೈನ್ಯ ಬಂದ ಮೇಲೆ.

ಮಧ್ಯಾಹ್ನ ಊಟಕ್ಕೆ ಫೋಂಡಾ ದಾರಿ ಹಿಡಿಯಿರಿ. ತಟ್ಟೆಗೆ ಬಂದ ಒಣಮೆಣಸು, ಬಟಾಟೆ, ಗೋಡಂಬಿ ಎಲ್ಲ ಅಮೆರಿಕ ಖಂಡದ ಮೂಲದವು. ಪೋರ್ಚುಗೀಸರ ಹಡಗಿನ ದಾರಿಯಲ್ಲೇ ನಮ್ಮ ಅಡುಗೆಮನೆಗೆ ಬಂದವು. ಊಟ ಇಟ್ಟ ಮೇಜು, ಅಂಗಡಿಯವರ ಸೊಂಟದ ಚಾವಿ, ಅವೂ ಪೋರ್ಚುಗೀಸ್ ಪದಗಳೇ.

ಊಟ ಆದ ಮೇಲೆ ಮಂಗೇಶಿ ದೇವಸ್ಥಾನ ನೋಡಿ. ಈ ದೇವರು ಮೊದಲು ಜುವಾರಿ ನದಿಯಾಚೆ ಕುಶಸ್ಥಳಿಯಲ್ಲಿದ್ದ. ಪೋರ್ಚುಗೀಸರು ದೇವಸ್ಥಾನ ಕೆಡವುತ್ತಾರೆ ಅಂತ ಗೊತ್ತಾದಾಗ, 1560ರಲ್ಲಿ, ಭಕ್ತರು ಲಿಂಗವನ್ನು ನದಿ ದಾಟಿಸಿ ಇಲ್ಲಿಗೆ ತಂದರು. ಶಾಂತಾದುರ್ಗೆ, ಮಹಾಲಸೆ ಕೂಡ ಹೀಗೇ ಊರು ಬಿಟ್ಟು ಬಂದವರು. ಈ ದಂಡೆ ಆಗ ಯಾರದ್ದು? ಬಿಜಾಪುರದ ಸುಲ್ತಾನನದ್ದು. ನಮ್ಮ ಕರಾವಳಿಯ ಎಷ್ಟೋ ಕೊಂಕಣಿ ಮನೆಗಳು ಇಂದಿಗೂ ಕುಲದೇವರಿಗೆ ಅಂತ ಇಲ್ಲಿಗೆ ಬರುತ್ತವೆ. ಅವರ ಹಿರಿಯರೂ ಅದೇ ಕಾಲದಲ್ಲಿ ಗೋವಾ ಬಿಟ್ಟವರು. ನಾವು ಹೋದಾಗ ಕುಮಟಾದ ಒಬ್ಬ ಅಜ್ಜಿ ಮೊಮ್ಮಗಳಿಗೆ ನದಿ ಯಾವ ಕಡೆ ಅಂತ ಕೈ ತೋರಿಸಿ ಹೇಳುತ್ತಿದ್ದರು.

ವಾಪಸ್ ಬರುವಾಗ ಕತ್ತಲಾಗುವ ಮೊದಲೇ ಅರಬೈಲ್ ಘಾಟ್ ಹತ್ತಿ ಮುಗಿಸಿ, ಲಾರಿ ಬಹಳ ಇರುತ್ತವೆ. ಯಲ್ಲಾಪುರದಲ್ಲಿ ಸಮಯ ಸಿಕ್ಕರೆ ಸಿದ್ದಿ ಹೆಂಗಸರು ಹೊಲಿಯುವ ಕೌದಿ ಕೇಳಿ ನೋಡಿ. ಒಂದು ಕೌದಿಗೆ ವಾರಗಟ್ಟಲೆ ಕೈ ಹೊಲಿಗೆ ಹಿಡಿಯುತ್ತದೆ, ಚೌಕಾಶಿ ಮಾಡಬೇಡಿ. ನಾವು ಗೆಳೆಯನ ಮನೆ ಮುಟ್ಟಿದಾಗ ಅವನ ತಾಯಿ ದೀಪದ ಕೆಳಗೆ ಕೂತು ಕೌದಿಯ ಮೂಲೆ ಹೊಲಿಯುತ್ತಿದ್ದರು. ಅವನು ಆ ಬೀದಿಯ ಕಥೆಯನ್ನು ಕೊಂಕಣಿಯಲ್ಲಿ ನಿಧಾನವಾಗಿ ಹೇಳಿದ. ಅವರು ಸೂಜಿ ನಿಲ್ಲಿಸದೆ ಕೇಳಿಸಿಕೊಂಡರು. ಕೊನೆಗೆ, ನಮ್ಮವರ ಹೆಸರು ಅಲ್ಲಿ ಎಲ್ಲಾದರೂ ಬರೆದಿದ್ದಾರಾ ಅಂತ ಕೇಳಿದರು.

"ಇಲ್ಲ ಆಯಿ," ಅಂದ. ಫೋನ್ ತೆಗೆದು ಖಾಲಿ ರಸ್ತೆಯ ಫೋಟೋ ತೋರಿಸಿದ. ಅವರು ಕೌದಿ ಪಕ್ಕಕ್ಕಿಟ್ಟು, ಕನ್ನಡಕ ಹಾಕಿಕೊಂಡು, ಬಹಳ ಹೊತ್ತು ಅದನ್ನೇ ನೋಡಿದರು.