ಮಾರ್ಷಲ್ ವಂಶಾವಳಿ: ರಕ್ತ ಒಂದು ಕಡೆ, ಜಮೀನು ಒಂದು ಕಡೆ, ಕೋಲು ಇನ್ನೊಂದು ಕಡೆ

ಇಂಗ್ಲೆಂಡಿನ ಮಾರ್ಷಲ್ ಮನೆತನದ ವಂಶವೃಕ್ಷ ಬರೆಯಲು ಕೂತವರು ಹೆಚ್ಚಾಗಿ 1245ಕ್ಕೆ ಬಂದು ಪೆನ್ನು ಕೆಳಗಿಡುತ್ತಾರೆ. ಆ ವರ್ಷ ನವೆಂಬರ್ 24ರಂದು ವಾಲ್ಟರ್ ಮಾರ್ಷಲ್ ಗುಡ್‌ರಿಚ್ ಕೋಟೆಯಲ್ಲಿ ತೀರಿಕೊಂಡ. ತಿಂಗಳು ತುಂಬುವ ಮೊದಲೇ ತಮ್ಮ ಆನ್ಸೆಲ್ಮ್ ಕೂಡ ಚೆಪ್‌ಸ್ಟೋದಲ್ಲಿ ಹೋದ. ಇಬ್ಬರಿಗೂ ಮಕ್ಕಳಿರಲಿಲ್ಲ. ‘ವಂಶ ನಿಂತಿತು’ ಎಂದು ಷರಾ ಬರೆದು ಪುಟ ಮುಚ್ಚುತ್ತಾರೆ.

ನಿಂತದ್ದು ಹೆಸರು ಮಾತ್ರ. ರಕ್ತ ಐದು ಹೆಣ್ಣುಮಕ್ಕಳ ಮನೆಗಳಿಗೆ ಹರಿಯಿತು, ಜಮೀನು ಪಾಲಾಗಿ ಪಾಲಿನೊಳಗೆ ಮತ್ತೆ ಪಾಲಾಯಿತು, ಮಾರ್ಷಲ್ ಹುದ್ದೆಯ ಕೋಲು ತನ್ನದೇ ದಾರಿ ಹಿಡಿಯಿತು. ಈ ಮೂರನ್ನೂ ಒಂದೇ ಗೆರೆಯಲ್ಲಿ ಎಳೆದ ಪಟಗಳೇ ಎಲ್ಲೆಡೆ ಸಿಗುತ್ತವೆ, ಹೆಚ್ಚಿನ ತಪ್ಪುಗಳೂ ಅಲ್ಲೇ ಹುಟ್ಟುತ್ತವೆ. ಮೂರು ಬಣ್ಣದ ಪೆನ್ನು ಇಟ್ಟುಕೊಳ್ಳುವುದು ಒಳ್ಳೆಯದು: ರಕ್ತಕ್ಕೆ ಕಪ್ಪು, ಜಮೀನಿಗೆ ಹಸಿರು, ಹುದ್ದೆಗೆ ಕೆಂಪು. ಆರಂಭದ ನೂರು ವರ್ಷ ಮೂರೂ ಗೆರೆ ಹೆಚ್ಚುಕಡಿಮೆ ಜೊತೆಯಲ್ಲೇ ಹೋಗುತ್ತವೆ. ಮೋಸ ಹೋಗುವುದು ಅದರಿಂದಲೇ.

ಮಾರ್ಷಲ್ ಎಂದರೆ ಮೂಲದಲ್ಲಿ ಕುದುರೆ ನೋಡಿಕೊಳ್ಳುವವನು. ಊರಿನ ಲಾಳಗಾರನಿಗೂ ಅದೇ ಹೆಸರು, ರಾಜನ ಅರಮನೆಯ ಅಧಿಕಾರಿಗೂ ಅದೇ ಹೆಸರು. ಆದ್ದರಿಂದ ದಾಖಲೆಯಲ್ಲಿ ‘ವಿಲಿಯಂ ಲೆ ಮಾರ್ಷಲ್’ ಕಂಡ ಕೂಡಲೇ ಈ ಮನೆಯವನೆಂದು ಸೇರಿಸಬಾರದು. ನಮ್ಮ ಮನೆತನ ಸಿಗುವುದು ಒಂದನೇ ಹೆನ್ರಿಯ ಆಸ್ಥಾನದ ಗಿಲ್ಬರ್ಟ್‌ನಿಂದ. ಅವನ ಮಗ ಜಾನ್, ತಂದೆಯ ಜಮೀನಿಗೂ ಹುದ್ದೆಗೂ ರಾಜನಿಗೆ ಹಣ ಕಟ್ಟಿದ ಲೆಕ್ಕ 1130ರ ಪೈಪ್ ರೋಲ್‌ನಲ್ಲಿ, ಅಂದರೆ ರಾಜನ ಖಜಾನೆಯ ವಾರ್ಷಿಕ ಲೆಕ್ಕದ ಸುರುಳಿಯಲ್ಲಿದೆ. ಉಳಿದು ಬಂದ ಪೈಪ್ ರೋಲ್‌ಗಳಲ್ಲಿ ಅದೇ ಮೊದಲನೆಯದು. ಅದಾದ ಮೇಲೆ ಎರಡನೇ ಹೆನ್ರಿಯ ಕಾಲದವರೆಗೆ ಖಾಲಿ.

ಜಾನ್‌ಗೆ ಇಬ್ಬರು ಹೆಂಡಿರು. ಮೊದಲನೆಯವಳು ಏಲಿನ್ ಪಿಪಾರ್ಡ್, ಮಕ್ಕಳು ಗಿಲ್ಬರ್ಟ್ ಮತ್ತು ವಾಲ್ಟರ್. ಆ ಮದುವೆ ರದ್ದಾಗಿ ಸಾಲ್ಸ್‌ಬರಿಯ ಸಿಬಿಲ್‌ಳನ್ನು ತಂದುಕೊಂಡ. ಅವಳ ಮಕ್ಕಳಲ್ಲಿ ಹಿರಿಯವನು ಜಾನ್, ಎರಡನೆಯವನು ಪ್ರಸಿದ್ಧ ವಿಲಿಯಂ. ಮೊದಲ ಹೆಂಡತಿಯ ಮಕ್ಕಳನ್ನು ಪಟದಿಂದ ಕೈಬಿಡುವುದು ಸಾಮಾನ್ಯ. ಕೈಬಿಟ್ಟರೆ ವಿಲಿಯಂ ಹುದ್ದೆಗೆ ಎಷ್ಟು ದೂರದಲ್ಲಿದ್ದ ಎನ್ನುವುದೇ ಕಾಣುವುದಿಲ್ಲ. ಮುಂದಿದ್ದ ಮೂವರೂ ಹೋಗಿ, 1194ರಲ್ಲಿ ಅಣ್ಣ ಜಾನ್ ಸತ್ತ ಮೇಲಷ್ಟೇ ಕೋಲು ಅವನ ಕೈಗೆ ಬಂತು.

ವಿಲಿಯಂನ ರಾಜಸೇವೆ ಎಲ್ಲರಿಗೂ ಗೊತ್ತಿರುವುದೇ. ಯುವರಾಜ ಹೆನ್ರಿ, ಎರಡನೇ ಹೆನ್ರಿ, ರಿಚರ್ಡ್, ಜಾನ್, ಕೊನೆಗೆ ಒಂಬತ್ತು ವರ್ಷದ ಮೂರನೇ ಹೆನ್ರಿ. 1216ರ ಅಕ್ಟೋಬರ್‌ನಲ್ಲಿ ಜಾನ್ ಸತ್ತಾಗ ರಾಜ್ಯದ ಆಡಳಿತ ಇವನ ಹೆಗಲಿಗೆ ಬಿತ್ತು. ಮ್ಯಾಗ್ನಾ ಕಾರ್ಟಾ ನವೆಂಬರ್‌ನಲ್ಲಿ ಮತ್ತೆ ಹೊರಬಿದ್ದದ್ದು ಇವನ ಮತ್ತು ಪೋಪ್ ಪ್ರತಿನಿಧಿಯ ಮುದ್ರೆಯಲ್ಲಿ. 1217ರ ಮೇ 20ರಂದು ಲಿಂಕನ್ ಯುದ್ಧ, 1219ರ ಮೇ 14ರಂದು ಕ್ಯಾವರ್‌ಷಮ್‌ನಲ್ಲಿ ಸಾವು. ಅವನ ಬಗ್ಗೆ 19,214 ಸಾಲಿನ ಫ್ರೆಂಚ್ ಪದ್ಯಚರಿತ್ರೆಯೊಂದಿದೆ. ಅದನ್ನು ಬರೆಸಿದ್ದು ಮನೆಯವರೇ. ಓದಲು ಸೊಗಸು, ಆದರೆ ರೋಲ್‌ಗಳ ಜೊತೆ ತಾಳೆ ನೋಡದೆ ಅದರ ಯಾವ ಸಂಗತಿಯನ್ನೂ ಪಟಕ್ಕೆ ಏರಿಸಬಾರದು.

ವಂಶಾವಳಿಯವರಿಗೆ ಮುಖ್ಯವಾಗಬೇಕಾದ್ದು ಯುದ್ಧಗಳಲ್ಲ, 1189ರ ಮದುವೆ. ಹೆಂಡತಿ ಇಸಾಬೆಲ್ ಡಿ ಕ್ಲೇರ್, ಸ್ಟ್ರಾಂಗ್‌ಬೋ ಎಂದೇ ಹೆಸರಾದ ರಿಚರ್ಡ್‌ನ ಮಗಳು. ತಾಯಿ ಈವಾ, ಐರ್ಲೆಂಡಿನ ಲೆನ್‌ಸ್ಟರ್ ರಾಜನ ಮಗಳು. ಲೆನ್‌ಸ್ಟರ್, ಚೆಪ್‌ಸ್ಟೋ, ನಾರ್ಮಂಡಿಯ ಲಾಂಗ್‌ವಿಲ್ ಎಲ್ಲ ಅವಳ ಕಡೆಯಿಂದ ಬಂದವು. 1199ರಲ್ಲಿ ಸಿಕ್ಕ ಪೆಂಬ್ರೋಕ್‌ನ ಅರ್ಲ್ ಪದವಿಗೂ ಅವಳ ತಂದೆಯ ಮನೆಯ ಹಕ್ಕೇ ಆಧಾರ. ಹಸಿರು ಗೆರೆ ಶುರುವಾಗಬೇಕಾದ್ದು ಇಸಾಬೆಲ್‌ಳಿಂದ. ವಿಲಿಯಂನಿಂದ ಶುರು ಮಾಡಿದರೆ ಮೊದಲ ಹೆಜ್ಜೆಯೇ ತಪ್ಪು.

ಐವರು ಗಂಡುಮಕ್ಕಳು ಒಬ್ಬರಾದ ಮೇಲೊಬ್ಬರು ಅರ್ಲ್ ಆದರು. ವಿಲಿಯಂ 1231ರಲ್ಲಿ ಹೋದ. ರಿಚರ್ಡ್ 1234ರ ಏಪ್ರಿಲ್‌ನಲ್ಲಿ ಐರ್ಲೆಂಡಿನ ಕರ‍್ರಾದಲ್ಲಿ ಗಾಯಗೊಂಡು ಸತ್ತ. ಪಾದ್ರಿಯಾಗಲು ಹೊರಟಿದ್ದ ಗಿಲ್ಬರ್ಟ್ 1241ರಲ್ಲಿ ಟೂರ್ನಮೆಂಟ್‌ನಲ್ಲಿ ಕುದುರೆಯಿಂದ ಬಿದ್ದು ಸತ್ತ. ಆಮೇಲೆ ವಾಲ್ಟರ್ ಮತ್ತು ಆನ್ಸೆಲ್ಮ್. ಇವರ ಹೆಂಡಿರನ್ನು ಸಣ್ಣ ಅಕ್ಷರದಲ್ಲಿ ಬರೆದು ಮರೆಯುವಂತಿಲ್ಲ, ವಿಧವೆಗೆ ಗಂಡನ ಜಮೀನಿನ ಮೂರನೇ ಒಂದು ಭಾಗ ಬದುಕಿರುವವರೆಗೂ ಸಲ್ಲಬೇಕು. ಮೊದಲ ಮಗ ವಿಲಿಯಂನ ವಿಧವೆ ಎಲಿನಾರ್ ರಾಜನ ತಂಗಿ. ಐರ್ಲೆಂಡ್ ಮತ್ತು ವೇಲ್ಸ್‌ನ ಪಾಲಿಗೆ ಬದಲಾಗಿ ವರ್ಷಕ್ಕೆ 400 ಪೌಂಡ್ ಎಂದು ಗೊತ್ತು ಮಾಡಿದ್ದು ಕಡಿಮೆಯಾಯಿತೆಂದು ಅವಳೂ ಎರಡನೇ ಗಂಡ ಸೈಮನ್ ಡಿ ಮಾಂಟ್‌ಫೋರ್ಟ್‌ನೂ ರಾಜನ ಜೊತೆ ವರ್ಷಗಟ್ಟಲೆ ಜಗಳವಾಡಿದರು. ಅವಳು 1275ರವರೆಗೆ ಬದುಕಿದ್ದಳು. ವಾಲ್ಟರ್‌ನ ವಿಧವೆ ಮಾರ್ಗರೆಟ್ ಡಿ ಕ್ವಿನ್ಸಿ 1266ರವರೆಗೆ. ಅಂದರೆ 1247ರ ಪಾಲುಪಟ್ಟಿಯಲ್ಲಿ ಒಬ್ಬಳ ಹೆಸರಿಗೆ ಬಂದ ಜಮೀನು ಇಪ್ಪತ್ತು ವರ್ಷ ಇನ್ನೊಬ್ಬಳ ಅನುಭೋಗದಲ್ಲಿ ಇದ್ದಿರಬಹುದು. ‘ಹಕ್ಕು ಇವರದು, ಆಸ್ತಿ ಅವರ ಕೈಲಿ’ ಎಂದು ಎರಡು ಕಾಲಂ ಮಾಡದೆ ವಿಧಿಯಿಲ್ಲ.

ಇನ್ನು ಪಾಲು. ಗಂಡುಮಕ್ಕಳಿಲ್ಲದಿದ್ದರೆ ಇಂಗ್ಲಿಷ್ ಕಾನೂನಿನಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು. ಅಳೆಯುವುದು ಎಕರೆಯಿಂದಲ್ಲ, ವರ್ಷದ ಹುಟ್ಟುವಳಿಯಿಂದ. ಮಟಿಲ್ಡಾ (ಇಂಗ್ಲಿಷ್ ಪುಸ್ತಕಗಳಲ್ಲಿ ಮಾಡ್), ಇಸಾಬೆಲ್, ಸಿಬಿಲ್, ಈವಾ, ಜೋನ್. ಐದು ಪಾಲು ಬಿದ್ದಾಗ ಬದುಕಿದ್ದವಳು ಮಟಿಲ್ಡಾ ಒಬ್ಬಳೇ, ಉಳಿದವರ ಪಾಲು ಅವರ ಮಕ್ಕಳಿಗೆ. ಲೆನ್‌ಸ್ಟರ್ ಹೀಗೆ ಒಡೆಯಿತು: ಕಾರ್ಲೋ ಮಟಿಲ್ಡಾಳಿಗೆ, ಕಿಲ್ಕೆನ್ನಿ ಇಸಾಬೆಲ್‌ಳ ಗಂಡನ ಕ್ಲೇರ್ ಮನೆಗೆ, ಕಿಲ್ಡೇರ್ ಸಿಬಿಲ್‌ಳ ಮಕ್ಕಳಿಗೆ, ಡುನಾಮೇಸ್ ಈವಾಳ ಕಡೆಗೆ, ವೆಕ್ಸ್‌ಫರ್ಡ್ ಜೋನ್‌ಳ ಕಡೆಗೆ. ಪೆಂಬ್ರೋಕ್ ಕೂಡ ಜೋನ್‌ಳ ಮಗಳ ಮೂಲಕ ಅಳಿಯ ವಿಲಿಯಂ ಡಿ ವ್ಯಾಲೆನ್ಸ್‌ಗೆ ಹೋಯಿತು. ಅವನು ರಾಜನ ಮಲತಮ್ಮ ಎನ್ನುವುದನ್ನು ನೋಡಿದರೆ ಆ ಮದುವೆ ಯಾಕೆ ಆಯಿತೆಂದು ಬೇರೆ ಹೇಳಬೇಕಿಲ್ಲ.

ಲೆಕ್ಕ ಬಿಗಿಯಾಗುವುದು ಸಿಬಿಲ್ ಮತ್ತು ಈವಾ ಪಾಲಿನಲ್ಲಿ. ಸಿಬಿಲ್ ಮತ್ತು ವಿಲಿಯಂ ಡಿ ಫೆರರ್ಸ್‌ಗೆ ಏಳು ಹೆಣ್ಣುಮಕ್ಕಳು. ಐದರಲ್ಲಿ ಒಂದರ ಏಳರಲ್ಲಿ ಒಂದು, ಅಂದರೆ ಒಬ್ಬೊಬ್ಬಳಿಗೆ 35ನೇ ಒಂದು ಹಿಸ್ಸೆ. ಈವಾಳ ಕಡೆ ಪಾಲಿಗೆ ಬಂದವರು ಮೂವರು, ಆದ್ದರಿಂದ 15ನೇ ಒಂದು. ಈ ಭಿನ್ನರಾಶಿಗಳೇ ಸುಳಿವು. ಮುಂದಿನ ತಲೆಮಾರಿನ ಯಾವುದೋ ದಾಖಲೆಯಲ್ಲಿ ಮಾರ್ಷಲ್ ಆಸ್ತಿಯ 35ನೇ ಭಾಗ ಕಂಡರೆ ಅದು ಫೆರರ್ಸ್ ಹುಡುಗಿಯರಲ್ಲಿ ಒಬ್ಬಳದು. ಅವರಲ್ಲಿ ಎಲಿನಾರ್ ಮೂರು ಸಲ ಮದುವೆಯಾದಳು: ವಿಲಿಯಂ ಡಿ ವಾ, ವಿಂಚೆಸ್ಟರ್ ಅರ್ಲ್ ರೋಜರ್ ಡಿ ಕ್ವಿನ್ಸಿ, ಆಮೇಲೆ ರೋಜರ್ ಡಿ ಲೇಬರ್ನ್. ಮೂರು ಮನೆಹೆಸರಿನಲ್ಲಿ ಮೂರು ಬೇರೆ ಹೆಂಗಸರಂತೆ ಕಾಣುತ್ತಾಳೆ. ಹೆಸರಿನ ಬೆನ್ನು ಹತ್ತದೆ ಹಿಸ್ಸೆಯ ಬೆನ್ನು ಹತ್ತಿದರೆ ಮೂವರೂ ಒಬ್ಬಳೇ ಎಂದು ತಿಳಿಯುತ್ತದೆ.

ದಾಖಲೆಗಳಲ್ಲಿ ಬಹಳ ಉಪಯೋಗಕ್ಕೆ ಬರುವುದು ಸಾವಿನ ನಂತರದ ಮಹಜರು. 1230ರ ದಶಕದಿಂದ ಸಿಗುತ್ತದೆ. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಫ್ತರದಲ್ಲಿ ಮೂರನೇ ಹೆನ್ರಿಯ ಕಾಲದ್ದು ಸಿ 132, ಒಂದನೇ ಎಡ್ವರ್ಡ್‌ನದು ಸಿ 133 ಸರಣಿ. ರಾಜನಿಂದ ನೇರವಾಗಿ ಜಮೀನು ಹಿಡಿದವನು ಸತ್ತರೆ ಆಜ್ಞೆ ಹೊರಡುತ್ತದೆ, ಸ್ಥಳೀಯ ಪಂಚರು ಕೂತು ಉತ್ತರ ಹೇಳುತ್ತಾರೆ: ಯಾವ ಜಮೀನು, ಯಾರಿಂದ, ಯಾವ ಸೇವೆಗೆ, ವರ್ಷಕ್ಕೆ ಎಷ್ಟು, ಸತ್ತದ್ದು ಯಾವಾಗ, ವಾರಸುದಾರ ಯಾರು, ಅವನಿಗೆ ಎಷ್ಟು ವಯಸ್ಸು. ಕೌಂಟಿಗೊಂದು ಮಹಜರು, ಆದ್ದರಿಂದ ಒಬ್ಬನೇ ಮನುಷ್ಯನಿಗೆ ಹಲವು. ಒಂದನ್ನು ಮಾತ್ರ ಓದಿ ನಿಲ್ಲಿಸಬೇಡಿ, ವಾರಸುದಾರನ ವಯಸ್ಸು ಒಂದರಲ್ಲಿ 24, ಇನ್ನೊಂದರಲ್ಲಿ 30 ಎಂದಿರುವುದು ಮಾಮೂಲು. ‘21 ಮತ್ತು ಮೇಲ್ಪಟ್ಟು’ ಎಂದರೆ ವಯಸ್ಕ ಎಂದಷ್ಟೇ ಅರ್ಥ, ಅದರಿಂದ ಹುಟ್ಟಿದ ವರ್ಷ ಕಳೆಯಲು ಹೋಗಬಾರದು. ಮೈನರ್ ಆಗಿದ್ದರೆ ಮಾತ್ರ ಸಂಖ್ಯೆಯನ್ನು ಸ್ವಲ್ಪ ನಂಬಬಹುದು, ಪೋಷಕತ್ವ ಎಷ್ಟು ವರ್ಷ ಎಂಬುದರಲ್ಲಿ ರಾಜನ ಹಣ ಇತ್ತಲ್ಲ.

ಇಲ್ಲೇ ಇನ್ನೊಂದು ಗುಂಡಿ. ಹೆಂಡತಿಗೆ ಜೀವಂತ ಮಗು ಹುಟ್ಟಿದ್ದರೆ, ಅವಳು ಸತ್ತ ಮೇಲೂ ಅವಳ ಜಮೀನು ಗಂಡನ ಕೈಯಲ್ಲಿ ಅವನ ಜೀವಮಾನ ಪೂರ್ತಿ ಉಳಿಯುತ್ತದೆ. ಅವನ ಮಹಜರಿನಲ್ಲಿ ಆ ಜಮೀನು ಕಂಡು ಅದು ಅವನ ಪಿತ್ರಾರ್ಜಿತ ಎಂದುಕೊಂಡರೆ ಹಸಿರು ಗೆರೆ ಇಡಿಯಾಗಿ ಬೇರೆ ಮನೆಗೆ ಹೋಗಿಬಿಡುತ್ತದೆ. ಲ್ಯಾಟಿನ್‌ನ ‘ನೆಪೋಸ್’ ಕೂಡ ಹಾಗೆಯೇ ಕಾಡುತ್ತದೆ: ಮೊಮ್ಮಗನೂ ಆಗಬಹುದು, ಅಣ್ಣತಮ್ಮಂದಿರ ಮಗನೂ ಆಗಬಹುದು.

ತಾರೀಖುಗಳಿಗೆ ತಾಳ್ಮೆ ಬೇಕು. ರೋಲ್‌ಗಳು ಇಸವಿ ಬರೆಯುವುದಿಲ್ಲ, ರಾಜನ ಆಳ್ವಿಕೆಯ ವರ್ಷ ಬರೆಯುತ್ತವೆ. ಮೂರನೇ ಹೆನ್ರಿಯ ವರ್ಷ ಅಕ್ಟೋಬರ್ 28ಕ್ಕೆ ಶುರು. ‘ಹೆನ್ರಿಯ 30ನೇ ವರ್ಷ, ಡಿಸೆಂಬರ್’ ಎಂದರೆ 1245, ಅದೇ 30ನೇ ವರ್ಷದ ಜೂನ್ ಎಂದರೆ 1246. ಜಾನ್‌ನದು ಇನ್ನೂ ತಲೆನೋವು, ಅವನ ವರ್ಷ ಯೇಸುವಿನ ಸ್ವರ್ಗಾರೋಹಣ ಹಬ್ಬದಿಂದ ಎಣಿಸುತ್ತದೆ, ಆ ಹಬ್ಬದ ತಾರೀಖು ಪ್ರತಿ ವರ್ಷ ಬದಲಾಗುತ್ತದೆ. ಅವನ 3ನೇ ವರ್ಷ 1201ರ ಮೇ 3ರಿಂದ 1202ರ ಮೇ 22ರವರೆಗೆ. ‘3ನೇ ವರ್ಷ, ಮೇ 10’ ಎಂದಿದ್ದರೆ ಎರಡು ದಿನಗಳಲ್ಲಿ ಯಾವುದೂ ಆಗಬಹುದು. ರಾಜ ಅಂದು ಯಾವ ಊರಲ್ಲಿದ್ದ ಎಂದು ನೋಡಿ ತೀರ್ಮಾನಿಸಬೇಕು. ಇದರ ಮೇಲೆ ಇಂಗ್ಲೆಂಡಿನಲ್ಲಿ ಇಸವಿ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಮುಂದೆ ಬರುವ ನಾರ್ಫಕ್‌ನ ಮಾರ್ಗರೆಟ್ ಸತ್ತದ್ದು ಮಾರ್ಚ್ 24ಕ್ಕೆ. ಹಳೆಯ ಎಣಿಕೆಯಲ್ಲಿ 1398ರ ಕೊನೆಯ ದಿನ, ನಮ್ಮ ಎಣಿಕೆಯಲ್ಲಿ 1399. ಒಂದೇ ಸಾವಿಗೆ ಎರಡು ಇಸವಿ ಸಿಕ್ಕರೆ ಇಬ್ಬರು ಮಾರ್ಗರೆಟ್‌ರನ್ನು ಹುಟ್ಟಿಸಬೇಡಿ. ‘1398/9’ ಎಂದು ಬರೆದಿಡಿ.

ಈಗ ಕೆಂಪು ಗೆರೆ. ಜಮೀನನ್ನು 35 ಮಾಡಬಹುದು, ಕೋಲನ್ನು ಮುರಿಯಲಾಗುವುದಿಲ್ಲ. 1246ರಲ್ಲಿ ಅದು ಹಿರಿಯ ಮಗಳು ಮಟಿಲ್ಡಾಳಿಗೆ ಬಂತು, ಅವಳು ಮಗ ನಾರ್ಫಕ್ ಅರ್ಲ್ ರೋಜರ್ ಬೈಗಾಡ್‌ನ ಕೈಗೆ ಕೊಟ್ಟಳು. ಅವಳು ಆಮೇಲಿನ ಪತ್ರಗಳಲ್ಲಿ ಬಿರುದು ಬರೆಸುವಾಗ ಇಂಗ್ಲೆಂಡಿನ ಮಾರ್ಷಲ್ ಎನ್ನುವುದು ಮೊದಲು, ಇಬ್ಬರು ಗಂಡಂದಿರಿಂದ ಬಂದ ನಾರ್ಫಕ್ ಮತ್ತು ವಾರೆನ್ ಕೌಂಟೆಸ್ ಎನ್ನುವುದು ಆಮೇಲೆ. ತವರಿನ ಹುದ್ದೆ ಗಂಡಂದಿರ ಪದವಿಗಿಂತ ಮುಂದೆ. ಪಟದಲ್ಲಿ ಅವಳನ್ನು ಬರೀ ‘ಹ್ಯೂ ಬೈಗಾಡ್‌ನ ಹೆಂಡತಿ’ ಮಾಡಿದವರು ಆ ಪತ್ರ ಓದಬೇಕು.

ರೋಜರ್ 1270ರಲ್ಲಿ ಮಕ್ಕಳಿಲ್ಲದೆ ಸತ್ತು, ಕೋಲು ತಮ್ಮನ ಮಗ ಇನ್ನೊಬ್ಬ ರೋಜರ್‌ಗೆ ಹೋಯಿತು. ಈ ಇಬ್ಬರು ರೋಜರ್‌ರನ್ನು ಒಬ್ಬನನ್ನಾಗಿ ಮಾಡಿದ ಪಟಗಳಿಗೆ ಲೆಕ್ಕವಿಲ್ಲ. 1297ರಲ್ಲಿ ಒಂದನೇ ಎಡ್ವರ್ಡ್‌ಗೆ ಎದುರು ನಿಂತವನು ಎರಡನೆಯವನು. ಅವನ ವಾದ ಹುದ್ದೆಯ ನಿಯಮಕ್ಕೇ ಸಂಬಂಧಪಟ್ಟದ್ದು: ಮಾರ್ಷಲ್ ಸೇವೆ ಸಲ್ಲಬೇಕಾದ್ದು ರಾಜನ ಜೊತೆಯಲ್ಲಿ, ರಾಜ ಫ್ಲಾಂಡರ್ಸ್‌ಗೆ ಹೋಗಿ ತನ್ನನ್ನು ಗ್ಯಾಸ್ಕನಿಗೆ ಕಳಿಸಿದರೆ ಹೋಗಬೇಕಾಗಿಲ್ಲ. ಗೆದ್ದಂತೆ ಕಂಡರೂ 1302ರಲ್ಲಿ ಜಮೀನು, ಅರ್ಲ್ ಪದವಿ, ಕೋಲು ಎಲ್ಲವನ್ನೂ ರಾಜನಿಗೆ ಒಪ್ಪಿಸಿ, ತನ್ನ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಮಾತ್ರ ಎಂಬ ಷರತ್ತಿನ ಮೇಲೆ ವಾಪಸು ಪಡೆದ. ಮಕ್ಕಳಿರಲಿಲ್ಲ. 1306ರಲ್ಲಿ ಅವನು ಸತ್ತಾಗ ತಮ್ಮ ಜಾನ್ ಬದುಕಿದ್ದರೂ ಕೈಗೆ ಏನೂ ಬರಲಿಲ್ಲ. ಕೆಂಪು ಗೆರೆ ರಕ್ತದಿಂದ ಕಡಿದುಹೋದದ್ದು ಇಲ್ಲಿ. 1312ರಲ್ಲಿ ನಾರ್ಫಕ್, 1316ರಲ್ಲಿ ಕೋಲು, ಎರಡೂ ಆಗಿನ ರಾಜ ಎರಡನೇ ಎಡ್ವರ್ಡ್‌ನ ಮಲತಮ್ಮ ಥಾಮಸ್ ಆಫ್ ಬ್ರದರ್ಟನ್‌ಗೆ ಹೋದವು. ಅದು ರಾಜನ ದಾನ, ವಾರಸಿಕೆಯಲ್ಲ. ಇಲ್ಲಿ ಪಟದಲ್ಲಿ ಚುಕ್ಕೆ ಗೆರೆ ಹಾಕಬೇಕು.

ಥಾಮಸ್‌ನ ಮಗಳು ಮಾರ್ಗರೆಟ್ 1377ರಲ್ಲಿ ಎರಡನೇ ರಿಚರ್ಡ್‌ನ ಪಟ್ಟಾಭಿಷೇಕಕ್ಕೆ ತನ್ನ ಪ್ರತಿನಿಧಿಯ ಮೂಲಕ ಮಾರ್ಷಲ್ ಕೆಲಸ ನಡೆಸುವ ಹಕ್ಕು ತನ್ನದೆಂದು ಅರ್ಜಿ ಹಾಕಿದಳು. ಸಮಯವಿಲ್ಲವೆಂದು ಆ ಸಲ ಹೆನ್ರಿ ಪರ್ಸಿಗೆ ಬಿಟ್ಟರು. ಅವಳ ಮಗಳು ಎಲಿಜಬೆತ್ ಸೀಗ್ರೇವ್ ಮದುವೆಯಾದದ್ದು ಜಾನ್ ಮೋಬ್ರೆಯನ್ನು. ಈಗ ಮೋಬ್ರೆ ಮನೆಯ ಕಪ್ಪು ಗೆರೆಯನ್ನು ಹಿಂದಕ್ಕೆ ಹಿಡಿಯಿರಿ. ಜಾನ್‌ನ ಮುತ್ತಜ್ಜಿ ರೋಸ್ ಡಿ ಕ್ಲೇರ್. ಅವಳ ತಂದೆ ರಿಚರ್ಡ್ ಡಿ ಕ್ಲೇರ್, ರಿಚರ್ಡ್‌ನ ತಾಯಿ ಇಸಾಬೆಲ್ ಮಾರ್ಷಲ್, ಕಿಲ್ಕೆನ್ನಿ ಪಾಲು ಬಂದ ಎರಡನೇ ಮಗಳು. 1306ರಲ್ಲಿ ಕಡಿದದ್ದು ಬೇರೆ ಅಕ್ಕತಂಗಿಯ ಕಡೆಯಿಂದ ಬಂದು ಕೂಡಿಕೊಂಡಿತು. ಎಲಿಜಬೆತ್‌ಳ ಮಗ ಥಾಮಸ್ ಮೋಬ್ರೆ ಅರ್ಲ್ ಮಾರ್ಷಲ್ (ಮಾರ್ಷಲ್ ಹುದ್ದೆಯ ಮುಂದಿನ ಹೆಸರು) ಆದಾಗ ಕೋಲು ಮತ್ತೆ ಹಳೆಯ ವಿಲಿಯಂನ ರಕ್ತದಲ್ಲಿತ್ತು. ಆದರೆ ಕೋಲು ಅವನಿಗೆ ಬಂದದ್ದು ಆ ರಕ್ತದ ಹಕ್ಕಿನಿಂದಲ್ಲ, ಬ್ರದರ್ಟನ್‌ನ ಮೊಮ್ಮಗಳ ಮಗ ಎಂಬುದರಿಂದ. ಕಪ್ಪು ಕೆಂಪು ಒಂದೇ ಚೌಕಕ್ಕೆ ಬಂದರೂ ಅವನ್ನು ಗಂಟು ಹಾಕಬೇಡಿ.

ಮೋಬ್ರೆ ಗಂಡುಸಂತಾನ ಮುಗಿದಾಗಲೂ 1245ರದೇ ಕಥೆ. ಕೊನೆಯವಳು ಆನ್ ಮೋಬ್ರೆ. 1478ರಲ್ಲಿ ಐದು ವರ್ಷಕ್ಕೆ ನಾಲ್ಕನೇ ಎಡ್ವರ್ಡ್‌ನ ಚಿಕ್ಕ ಮಗನ ಜೊತೆ ಮದುವೆ, 1481ರಲ್ಲಿ ಸಾವು. ನ್ಯಾಯವಾಗಿ ಆಸ್ತಿ ಇಬ್ಬರು ಮೋಬ್ರೆ ಅಕ್ಕತಂಗಿಯರ ಮಕ್ಕಳಿಗೆ, ಅಂದರೆ ವಿಲಿಯಂ ಬರ್ಕ್ಲಿ ಮತ್ತು ಜಾನ್ ಹವರ್ಡ್‌ಗೆ ಬರಬೇಕು. ಪಾರ್ಲಿಮೆಂಟಿನ ಕಾಯ್ದೆಯಿಂದ ಅದನ್ನು ಹುಡುಗ ಗಂಡನ ಹತ್ತಿರವೇ ಉಳಿಸಿದರು. ಮೂರನೇ ರಿಚರ್ಡ್ 1483ರ ಜೂನ್ 28ರಂದು ಹವರ್ಡ್‌ನನ್ನು ನಾರ್ಫಕ್ ಡ್ಯೂಕ್ ಮತ್ತು ಅರ್ಲ್ ಮಾರ್ಷಲ್ ಮಾಡಿದ. ಎರಡು ವರ್ಷ ಕಳೆದು ಬಾಸ್ವರ್ತ್ ಯುದ್ಧದಲ್ಲಿ ಹವರ್ಡ್ ಸತ್ತ ಮೇಲೆ ಏಳನೇ ಹೆನ್ರಿ ಕೋಲನ್ನು ಬರ್ಕ್ಲಿಗೆ ಕೊಟ್ಟ. ಇಂದಿನ ನಾರ್ಫಕ್ ಡ್ಯೂಕ್‌ಗಳ ವಂಶಪಾರಂಪರ್ಯ ಹಕ್ಕಿಗೆ ಆಧಾರ 1672ರಲ್ಲಿ ರಾಜ ಕೊಟ್ಟ ಪತ್ರ. ಆದ್ದರಿಂದ ಹವರ್ಡ್‌ನಿಂದ ಮೇಲಕ್ಕೆ ಗಿಲ್ಬರ್ಟ್‌ನವರೆಗೆ ಕೆಂಪಿನ ಒಂದೇ ಗಟ್ಟಿ ಗೆರೆ ಎಳೆದ ಪಟ ಕಂಡರೆ 1306, 1485, 1672 ಈ ಮೂರು ಕಡೆ ಬೆರಳಿಟ್ಟು ನೋಡಿ.