ಏನು ಸಮಾಚಾರ?

ರಾತ್ರಿ ಪಾತ್ರೆ ತೊಳೆಯುತ್ತಾ ಅಮೆರಿಕದ ಗಾಯಕಿ ಲಿಂಡಾ ರಾನ್‌ಸ್ಟಾಟ್ ಹಾಡಿದ 'ವಾಟ್ಸ್ ನ್ಯೂ' ಹಾಕಿಕೊಂಡಿದ್ದೆ. ಅರ್ಧದಲ್ಲೇ ನಲ್ಲಿ ನಿಲ್ಲಿಸಿ ಸುಮ್ಮನೆ ನಿಂತುಬಿಟ್ಟೆ. ಹಾಡಿನಲ್ಲಿ ಹಳೆಯ ಪ್ರೇಮಿ ಎದುರಾಗಿದ್ದಾನೆ. ಹೇಗಿದ್ದೀಯ, ಏನು ಸಮಾಚಾರ, ನೀನು ಚೂರೂ ಬದಲಾಗಿಲ್ಲ ಎಂಬ ಉಪಚಾರದ ಮಾತು. ನಾನೂ ಬದಲಾಗಿಲ್ಲ, ಪ್ರೀತಿ ಹಾಗೇ ಇದೆ ಎಂಬುದು ಮಾತ್ರ ಕೊನೆಯವರೆಗೂ ಗಂಟಲಲ್ಲೇ ಉಳಿದಿರುತ್ತದೆ. 'ಊಟ ಆಯಿತೇ?' ಎಂದು ಫೋನಿನಲ್ಲಿ ಕೇಳುವಾಗ ನಾವೂ ಎಷ್ಟೋ ಸಲ ಊಟದ ವಿಷಯ ಕೇಳುತ್ತಿರುವುದಿಲ್ಲವಲ್ಲ, ಹಾಗೆ.

1939ರ ಹಾಡು ಇದು. ಎಪ್ಪತ್ತರ ದಶಕದಲ್ಲಿ ರಾಕ್ ಹಾಡಿ ಕ್ರೀಡಾಂಗಣ ತುಂಬಿಸಿದ್ದ ಲಿಂಡಾ, 1983ರಲ್ಲಿ ಇಂಥ ಹಳೆಯ ಹಾಡುಗಳನ್ನು ಎತ್ತಿಕೊಂಡಾಗ ರೆಕಾರ್ಡ್ ಕಂಪನಿಗೆ ದಿಗಿಲಾಗಿತ್ತು. ಆಕೆ ಕೇಳಲಿಲ್ಲ. ಗಾಯಕ ಫ್ರಾಂಕ್ ಸಿನಾಟ್ರಾ ಹಾಡುಗಳಿಗೆ ವಾದ್ಯಸಂಯೋಜನೆ ಮಾಡಿದ್ದ ನೆಲ್ಸನ್ ರಿಡಲ್ ಅವರನ್ನೇ ಕರೆತಂದರು. ಆ ಆಲ್ಬಮ್ ಅಮೆರಿಕವೊಂದರಲ್ಲೇ 30 ಲಕ್ಷ ಪ್ರತಿ ದಾಟಿತು.

ಜಾಸ್ ಗಾಯಕಿಯರಂತೆ ಲಿಂಡಾ ತಾಳದೊಡನೆ ಚೆಲ್ಲಾಟವಾಡುವುದಿಲ್ಲ ಎಂದು ದೂರುವವರಿದ್ದಾರೆ. ಪೂರ್ತಿ ಸುಳ್ಳೂ ಅಲ್ಲ. ಆದರೆ ಛಾವಣಿ ಹಾರಿಸಬಲ್ಲ ಆ ಕಂಠ ಇಲ್ಲಿ ಪಿಟೀಲುಗಳ ನಡುವೆ ಅಷ್ಟು ಹುಷಾರಾಗಿ ಹೆಜ್ಜೆ ಇಡುತ್ತದೆ. ನನಗೆ ಅದೇ ಇಷ್ಟ.

ಹಾಲಿನ ಪಾತ್ರೆ ಇನ್ನೂ ಹಾಗೇ ಬಿದ್ದಿದೆ.